ಕೈಗೆ ಒಗ್ಗದ ಒಲೆ

ಜೂನ್ ಹಿಡಿಯಿತೆಂದರೆ ಹೊನ್ನಾವರದ ಕಡೆ ಕಟ್ಟಿಗೆಯ ಚಿಂತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಇದು. ಬೇಸಿಗೆಯಲ್ಲೇ ತಂದು ಅಟ್ಟಕ್ಕೇರಿಸಿದ ಕಟ್ಟಿಗೆಯೂ ಆಷಾಢದ ಹೊತ್ತಿಗೆ ತೇವ ಹೀರಿ ಕೂತಿರುತ್ತದೆ. ಬೆಂಕಿ ಹತ್ತುವುದಿಲ್ಲ, ಹೊಗೆಗೇನೂ ಕೊರತೆಯಿಲ್ಲ. ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತವಳ ಕಣ್ಣು ಕೆಂಪಾಗಿರುತ್ತದೆ. ಅಡುಗೆ ಅನಿಲ ಬರುವ ಮುಂಚೆ ಕರಾವಳಿಯ ಬಹುಪಾಲು ಮನೆಗಳ ಬೆಳಗು ಆಗುತ್ತಿದ್ದುದು ಹೀಗೆ.

ಈ ಹೊಗೆ ಕಣ್ಣುರಿಯಲ್ಲೇ ಮುಗಿಯುವ ಮಾತಲ್ಲ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಿರುವಾಗ ಹೊಗೆಯಿಲ್ಲದ, ಕಟ್ಟಿಗೆಯನ್ನೂ ಉಳಿಸುವ ಒಲೆಯೊಂದು ಮನೆ ಬಾಗಿಲಿಗೆ ಬಂದರೆ ಯಾರು ಬೇಡವೆಂದಾರು?

ಅಂಥ ಒಲೆ ಬಂದಿತ್ತು, ಅದೂ ನಮ್ಮ ರಾಜ್ಯದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವುದು ಅದರ ಕೆಲಸ. ಅಲ್ಲಿಯ ವಿಜ್ಞಾನಿಗಳು ರೂಪಿಸಿದ 'ಅಸ್ತ್ರ ಒಲೆ' ಎಂಬತ್ತರ ದಶಕದಲ್ಲಿ ಹೆಸರು ಮಾಡಿತು. ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿ ಬೂದಿಗುಂಡಿ. ಗಾಳಿ ಕೆಳಗಿನಿಂದ ಬೇಕಾದಷ್ಟೇ ಒಳನುಗ್ಗುತ್ತದೆ. ಬೆಂಕಿಯ ಗೂಡು ಮುಚ್ಚಿರುವುದರಿಂದ ಶಾಖ ಸುತ್ತ ಚೆಲ್ಲಿಹೋಗುವುದಿಲ್ಲ. ಬಿಸಿ ಅನಿಲ ಸಾಲಾಗಿ ಮೂರು ಪಾತ್ರೆಗಳ ತಳವನ್ನು ತಟ್ಟಿ, ಕಡೆಗೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರರಲ್ಲಿ ಹತ್ತು ಹದಿನೈದು ಪಾಲು ಪಾತ್ರೆಗೆ ತಲಪಿದರೆ ಹೆಚ್ಚು. ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ನಲವತ್ತರ ಆಸುಪಾಸು ಮುಟ್ಟಿತು.

ಇಂಥ ಬಗೆಬಗೆಯ ಸುಧಾರಿತ ಒಲೆಗಳನ್ನು ಹಂಚಲು ಕೇಂದ್ರ ಸರ್ಕಾರ 1983ರಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿ 2002ರವರೆಗೆ ನಡೆಸಿತು. ಲೆಕ್ಕದ ಪ್ರಕಾರ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿದ್ದಾಯಿತು. ಆದರೆ ಕಟ್ಟಿದ ಒಲೆ ಬೇರೆ, ಉರಿಯುವ ಒಲೆ ಬೇರೆ. ವಿಜ್ಞಾನ ಸಂಸ್ಥೆಯ ಸಂಶೋಧಕರು ಕುಮಟಾ, ಸಿರ್ಸಿ ಮೊದಲಾದ ನಮ್ಮ ಜಿಲ್ಲೆಯ ತಾಲೂಕುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಮೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದ ವರದಿಯಂತೆ, ನೂರರಲ್ಲಿ 97ಕ್ಕೂ ಹೆಚ್ಚು ಮನೆಗಳು ಆಗಲೂ ಅಡುಗೆಗೆ ಹಳೆಯ ಒಲೆಯನ್ನೇ ಬಳಸುತ್ತಿದ್ದವು.

ಜನಕ್ಕೆ ತಿಳಿವಳಿಕೆ ಸಾಲದು ಎಂದು ಹೇಳುವುದು ಸುಲಭ, ಹೇಳಿದವರೂ ಇದ್ದರು. ಆದರೆ ಒಮ್ಮೆ ಒಲೆಯ ಮುಂದೆ ಕೂತು ನೋಡಬೇಕು. ಮುಚ್ಚಿದ ಗೂಡಿನ ಬಾಯಿ ಚಿಕ್ಕದು. ಕಟ್ಟಿಗೆಯನ್ನು ಗೇಣುದ್ದ ಕತ್ತರಿಸಿ, ಸಣ್ಣಗೆ ಸೀಳಿ ಹಾಕಬೇಕು. ಕರಾವಳಿಯ ಮನೆಯಲ್ಲಿ ಪುಕ್ಕಟೆ ಸಿಗುವ ಉರುವಲಾದರೂ ಯಾವುದು? ಉದ್ದನೆಯ ತೆಂಗಿನ ಹೆಡೆ, ಸಿಪ್ಪೆ, ಅಡಿಕೆ ಸೋಗೆ. ಹೆಡೆಯ ತುದಿಗೆ ಬೆಂಕಿ ಹಚ್ಚಿ, ಉರಿದಂತೆಲ್ಲ ಒಳಗೆ ನೂಕುವ ರೂಢಿ. ಹೊಸ ಒಲೆಗೆ ಅದನ್ನು ಕತ್ತಿಯಲ್ಲಿ ಕಡಿಯಬೇಕು. ಉಳಿದ ಕಟ್ಟಿಗೆಯ ಲಾಭ ಬೆಟ್ಟಕ್ಕೆ, ಕಡಿಯುವ ಕೆಲಸ ಅಡುಗೆಯವಳಿಗೆ.

ಪಾತ್ರೆಯದು ಇನ್ನೊಂದು ತಕರಾರು. ಒಲೆಯ ಕಂಡಿಗೆ ಸರಿಯಾಗಿ ಕೂರುವ ಪಾತ್ರೆಯಿದ್ದರೆ ಮಾತ್ರ ಆ ನಲವತ್ತರ ಲೆಕ್ಕ. ಬೆಳಿಗ್ಗೆ ತೆಳ್ಳೇವು ಎರೆಯುವ ಕಾವಲಿ, ಮಧ್ಯಾಹ್ನ ಕುಚ್ಚಲಕ್ಕಿಯ ದೊಡ್ಡ ತಪ್ಪಲೆ, ನೆಂಟರು ಬಂದರೆ ಅದಕ್ಕಿಂತ ದೊಡ್ಡದು. ಪಾತ್ರೆ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಹೊಗೆ ಮತ್ತೆ ಮನೆಯೊಳಕ್ಕೇ. ಚಹಾಕ್ಕೆ ಒಂದೇ ಪಾತ್ರೆ ಇಟ್ಟಾಗ ಉಳಿದೆರಡು ಕಂಡಿಗಳ ಶಾಖ ದಂಡ. ಹೊಗೆಕೊಳವೆಯಲ್ಲಿ ಮಸಿ ಕಟ್ಟಿದರೆ ಅದನ್ನು ತೆಗೆಯುವವರು ಯಾರೆಂಬ ಪ್ರಶ್ನೆ ಬೇರೆ. ಹೊಗೆಯಿಂದ ಉಪಯೋಗವೂ ಇತ್ತೆಂಬುದನ್ನು ಮರೆಯಬಾರದು: ಒಲೆಯ ಮೇಲಿನ ಅಟ್ಟದಲ್ಲಿಟ್ಟ ವಸ್ತುಗಳಿಗೆ ಮಳೆಗಾಲದಲ್ಲಿ ಹುಳ, ಬೂಸ್ಟು ಬಾರದಂತೆ ಕಾಯುತ್ತಿದ್ದುದು ಅದೇ.

ಒಲೆಯ ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಪ್ರಯೋಗಾಲಯ ಅಳೆದದ್ದು ಕಾದ ನೀರನ್ನು. ಮನೆಯಾಕೆ ಅಳೆದದ್ದು ತನ್ನ ಇಡೀ ಬೆಳಗನ್ನು. ಈ ಎರಡನೆಯ ಅಳತೆಗೆ ಈಗ 'ಬಳಕೆದಾರರ ಅನುಭವ' ಎಂಬ ಹೆಸರಿದೆ. ಕಂಪ್ಯೂಟರ್, ಮೊಬೈಲ್ ಕಂಪೆನಿಗಳು ಅದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿವೆ. ಈ ಪದವನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್. ನೂಕಬೇಕೋ ಎಳೆಯಬೇಕೋ ತಿಳಿಯದ ಬಾಗಿಲ ಮುಂದೆ ಮನುಷ್ಯ ತಡವರಿಸಿದರೆ ತಪ್ಪು ಬಾಗಿಲಿನದು, ಮನುಷ್ಯನದಲ್ಲ ಎಂಬುದು 1988ರಲ್ಲಿ ಬಂದ ಅವರ ಪುಸ್ತಕದ ವಾದ.

ಅಸ್ತ್ರದವರೂ ಇದನ್ನು ಅನುಭವದಿಂದಲೇ ಕಲಿತರು. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆಂದು ಕಟ್ಟಿದ ಸಮುದಾಯ ಗೋಬರ್ ಅನಿಲ ಸ್ಥಾವರ ನಡೆಯಲಿಲ್ಲ. ಊರಿನ ಸಗಣಿಯಿಂದ ಎಲ್ಲರ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಆಮೇಲೆ 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ ಮಾಡಿ ಕೊಳವೆಬಾವಿಯ ನೀರನ್ನು ಮನೆ ಹತ್ತಿರಕ್ಕೆ ತಂದರು, ದೀಪ ಹಚ್ಚಿದರು. ಸಗಣಿ ತಪ್ಪದೆ ಬರತೊಡಗಿತು, ಯೋಜನೆ ವರ್ಷಗಟ್ಟಲೆ ನಡೆಯಿತು. ತಂತ್ರಜ್ಞಾನ ಬಹುಮಟ್ಟಿಗೆ ಅದೇ. ಊರಿನವರಿಗೆ ಮೊದಲು ಬೇಕಿದ್ದುದು ನೀರು.

ಹೊನ್ನಾವರದ ಅಡುಗೆಮನೆಯಲ್ಲಿ ಹೊಗೆಯನ್ನು ಕಡಿಮೆ ಮಾಡಿದ್ದು ಕೊನೆಗೆ ಗ್ಯಾಸ್ ಒಲೆ. ಕಿವಿ ತಿರುಗಿಸಿದರೆ ಬೆಂಕಿ, ಇನ್ನಷ್ಟು ತಿರುಗಿಸಿದರೆ ಸಣ್ಣ ಉರಿ, ಯಾವ ಪಾತ್ರೆಯಾದರೂ ಸರಿ. ಯಾರೂ ಭಾಷಣ ಮಾಡಬೇಕಾಗಲಿಲ್ಲ. 2016ರಲ್ಲಿ ಬಂದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂತು. ಆದರೆ ತುಂಬಿಸುವ ಖರ್ಚು ಏರಿದಾಗ ಹಳೆಯ ಒಲೆಗೆ ಮರಳಿದವರೂ ಇದ್ದಾರೆ. ಜೇಬಿನ ಅನುಭವವೂ ಅನುಭವವೇ ತಾನೆ?

ಇಷ್ಟಾದರೂ ಬಚ್ಚಲಿನ ಹಂಡೆಯ ಒಲೆ ಇನ್ನೂ ಅನೇಕ ಮನೆಗಳಲ್ಲಿ ಅಲುಗಿಲ್ಲ. ತೋಟದ ಕಸ ಕರಗುತ್ತದೆ, ಹೆಡೆ ನೂಕಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಕೆಂಡದ ಮೇಲೆ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಇದನ್ನು ಬದಲಿಸ ಹೊರಟವರು ಇವಿಷ್ಟನ್ನೂ ಕೊಡಬೇಕಾದೀತು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಲೆಕ್ಕ ಮಾಡಿ ನೋಡಬಹುದು. ಇಪ್ಪತ್ತು ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು 20 × 4.2 × 20, ಅಂದರೆ 1,680 ಕಿಲೊಜೂಲ್ ಸಾಕು. ಒಣಗಿದ ಒಂದು ಕಿಲೊ ಕಟ್ಟಿಗೆಯಲ್ಲಿ ಸುಮಾರು 16,000 ಕಿಲೊಜೂಲ್ ಇದೆ. ಶಾಖ ಸ್ವಲ್ಪವೂ ಪೋಲಾಗದಿದ್ದರೆ ನೂರು ಗ್ರಾಂ ಕಟ್ಟಿಗೆ ಸಾಲಬೇಕು. ನಿಮ್ಮ ಬಚ್ಚಲಲ್ಲಿ ಎಷ್ಟು ಖರ್ಚಾಗುತ್ತದೆ, ತೂಗಿ ಬರೆದುಕೊಳ್ಳಿ. ಅದರ ಪಕ್ಕದಲ್ಲೇ, ಆ ಒಲೆಗಾಗಿ ಮನೆಯವರು ಎಷ್ಟು ಸಲ ಎದ್ದು ಹೋದರು, ಎಷ್ಟು ಸಲ ಊದಿದರು ಎಂಬುದನ್ನೂ ಬರೆಯಿರಿ.