ದಶಲಕ್ಷಣ ಪರ್ವದ ಕಾರ್ಯಕ್ರಮ ಪಟ್ಟಿ: ವೆಬ್ ಪುಟದಲ್ಲಿ ಸಾಲು, ಕಾಲಂ ಜೋಡಿಸುವ ಕ್ರಮ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. 10 ದಿನ, 10 ಧರ್ಮಗಳ ಆರಾಧನೆ. ಸುಮಾರು 20 ಕಿ.ಮೀ. ಅಂತರದಲ್ಲಿರುವ ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಕಾರ್ಯಕ್ರಮಗಳನ್ನು ಒಂದೇ ವೆಬ್ ಪುಟದಲ್ಲಿ ಪ್ರಕಟಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡ ಪಟ್ಟಿಯೇ ಮೊಬೈಲಿನಲ್ಲಿ ದಿನಾಂಕ ಒಂದೆಡೆ, ಪೂಜೆಯ ವಿವರ ಇನ್ನೊಂದೆಡೆ ಆಗಿಬಿಡಬಹುದು. ದಿನ ತಪ್ಪಾಗಿ ಓದಿಕೊಂಡ ಹಿರಿಯರು ಬಸದಿಗೆ ಬರುವಷ್ಟರಲ್ಲಿ ಅಭಿಷೇಕ ಮುಗಿದಿರುತ್ತದೆ. ಪುಟ ಸಿದ್ಧಪಡಿಸುವವರು ಸಾಲು ಮತ್ತು ಕಾಲಂಗಳ ಕ್ರಮ ತಿಳಿದಿದ್ದರೆ ಇದನ್ನು ತಪ್ಪಿಸಬಹುದು.

ಸಾಲು, ಕಾಲಂ ಎಂದರೇನು?

ಪೇಜ್ ಬಿಲ್ಡರ್‌ನಲ್ಲಿ ಪುಟವನ್ನು ಮೊದಲು ಅಡ್ಡ ಸಾಲುಗಳಾಗಿ, ಪ್ರತಿ ಸಾಲನ್ನು ಕಾಲಂಗಳಾಗಿ ವಿಂಗಡಿಸುತ್ತಾರೆ. ಬರಹ, ಚಿತ್ರ ಎಲ್ಲವೂ ಕಾಲಂ ಒಳಗೇ ಇರುತ್ತವೆ. ಅಗಲವಾದ ಪರದೆಯಲ್ಲಿ ಕಾಲಂಗಳು ಅಕ್ಕಪಕ್ಕ ಕಾಣುತ್ತವೆ. ಮೊಬೈಲಿನಲ್ಲಿ ಎಡಗಡೆಯ ಕಾಲಂ ಪೂರ್ತಿ ಮೇಲೆ, ಅದರ ಕೆಳಗೆ ಮುಂದಿನ ಕಾಲಂ, ಹೀಗೆ ಒಂದರ ಕೆಳಗೊಂದು ಬರುತ್ತವೆ.

ಎಲ್ಲಿ ತಪ್ಪಾಗುತ್ತದೆ?

ಒಂದೇ ದೊಡ್ಡ ಸಾಲು ಮಾಡಿ, ಮೊದಲ ಕಾಲಂನಲ್ಲಿ ಹತ್ತೂ ದಿನಾಂಕ, ಎರಡನೆಯದರಲ್ಲಿ ಶಿವಮೊಗ್ಗ, ಮೂರನೆಯದರಲ್ಲಿ ಭದ್ರಾವತಿಯ ಕಾರ್ಯಕ್ರಮ ಬರೆದರೆ, ಮೊಬೈಲಿನಲ್ಲಿ ಮೊದಲು ಬರೀ ದಿನಾಂಕಗಳು ಕಾಣುತ್ತವೆ. ಆಮೇಲೆ ಬರುವ ಪೂಜೆ ಯಾವ ದಿನದ್ದೆಂದು ತಿಳಿಯುವುದಿಲ್ಲ. ಇದರ ಬದಲು ಒಂದು ದಿನಕ್ಕೆ ಒಂದು ಸಾಲು ಮಾಡಬೇಕು. ಆಗ ಉತ್ತಮ ಕ್ಷಮಾ ಧರ್ಮದ ದಿನಾಂಕ, ಅದರ ಕೆಳಗೇ ಆ ದಿನದ ಶಿವಮೊಗ್ಗದ ಕಾರ್ಯಕ್ರಮ, ನಂತರ ಭದ್ರಾವತಿಯದು ಬರುತ್ತದೆ. ಬಳಿಕ ಉತ್ತಮ ಮಾರ್ದವದ ದಿನ ಆರಂಭವಾಗುತ್ತದೆ. ಊರಿನ ಹೆಸರನ್ನು ತಲೆಬರಹದಲ್ಲಿ ಒಮ್ಮೆ ಬರೆದರೆ ಸಾಲದು. ಪ್ರತಿ ದಿನದ ಕಾಲಂ ಒಳಗೂ ಬರೆಯಬೇಕು.

ವರ್ಡ್‌ಪ್ರೆಸ್‌ನಲ್ಲಿ ಮಾಡುವ ವಿಧಾನ

1. ‘ಕಾಲಮ್ಸ್’ ಬ್ಲಾಕ್ ಸೇರಿಸಿ, ಮೂರು ಕಾಲಂಗಳ ವಿನ್ಯಾಸ ಆರಿಸಿಕೊಳ್ಳಿ.
2. ಒಂದೊಂದೇ ಕಾಲಂ ಆರಿಸಿ, ‘ವಿಡ್ತ್’ನಲ್ಲಿ ದಿನಾಂಕಕ್ಕೆ ಶೇ. 20, ಎರಡು ಊರುಗಳಿಗೆ ತಲಾ ಶೇ. 40 ಕೊಡಿ. ಒಟ್ಟು 100 ಆಗಬೇಕು.
3. ‘ಸ್ಟ್ಯಾಕ್ ಆನ್ ಮೊಬೈಲ್’ ಆನ್ ಆಗಿರಲಿ. ಆಫ್ ಮಾಡಿದರೆ ಮೂರು ಕಾಲಂಗಳೂ ಚಿಕ್ಕ ಪರದೆಯಲ್ಲೇ ಇಕ್ಕಟ್ಟಾಗಿ, ‘ಪಂಚಾಮೃತಾಭಿಷೇಕ’ದಂಥ ಉದ್ದ ಪದಗಳು ಮುರಿಯುತ್ತವೆ ಇಲ್ಲವೇ ಕಾಲಂ ದಾಟಿ ಹೋಗುತ್ತವೆ.
4. ಮೊದಲ ದಿನದ ಸಾಲು ಸರಿಯಾದ ಮೇಲೆ ‘ಡುಪ್ಲಿಕೇಟ್’ ಮಾಡಿ, ಉಳಿದ ಒಂಬತ್ತು ದಿನಗಳ ವಿವರ ತುಂಬಿ. ಹಿಂದಿನ ದಿನದ ಸಮಯ ಹಾಗೇ ಉಳಿಯದಂತೆ ನೋಡಿಕೊಳ್ಳಿ.

ಬೇರೆ ಪೇಜ್ ಬಿಲ್ಡರ್‌ಗಳಲ್ಲಿ ಗುಂಡಿಗಳ ಹೆಸರು ಬದಲಾಗಬಹುದು, ತತ್ವ ಇದೇ. ಕೆಲವು ಬಿಲ್ಡರ್‌ಗಳು ಸಾಲನ್ನು 12 ಭಾಗ ಮಾಡುತ್ತವೆ. ಅಲ್ಲಿ 2, 5, 5 ಎಂದು ಹಂಚಬಹುದು.

ಅಂತರ

‘ಪ್ಯಾಡಿಂಗ್’ ಎಂದರೆ ಅಂಚಿನಿಂದ ಒಳಗಿನ ಬರಹಕ್ಕಿರುವ ಜಾಗ. ‘ಮಾರ್ಜಿನ್’ ಎಂದರೆ ಅಂಚಿನ ಹೊರಗಿನ ಜಾಗ. ದಿನ ದಿನಗಳ ನಡುವೆ ಜಾಗ ಹೆಚ್ಚಿರಲಿ, ಒಂದೇ ದಿನದ ವಿವರಗಳ ನಡುವೆ ಕಡಿಮೆ ಇರಲಿ. ಕನ್ನಡದ ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ‘ಲೈನ್ ಹೈಟ್’ ತುಸು ಹೆಚ್ಚಿಸಬೇಕು.

ಪ್ರಕಟಿಸುವ ಮುನ್ನ ಪುಟವನ್ನು ಮೊಬೈಲಿನಲ್ಲಿ ತೆರೆದು, ಮನೆಯ ಹಿರಿಯರೊಬ್ಬರಿಗೆ ಕೊಟ್ಟು, ಅನಂತ ಚತುರ್ದಶಿಯಂದು ಭದ್ರಾವತಿಯಲ್ಲಿ ಅಭಿಷೇಕ ಎಷ್ಟು ಗಂಟೆಗೆ ಎಂದು ಕೇಳಿ ನೋಡಿ. ಅವರು ತಡವರಿಸದೆ ಹೇಳಿದರೆ ಜೋಡಣೆ ಸರಿಯಾಗಿದೆ.