ಆಕಾರ ಮರಳಿದ ಮೇಲೆ

ಕ್ಯಾನ್ಸರ್ ತಗುಲಿದ ಸ್ತನವನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಮಾಸ್ಟೆಕ್ಟಮಿ ಎಂದೂ, ಆ ಜಾಗದಲ್ಲಿ ಮತ್ತೆ ಉಬ್ಬನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಸ್ತನ ಪುನರ್‌ರಚನೆ ಎಂದೂ ಹೆಸರು. ಎರಡನೆಯ ಹೆಸರು ಕೊಂಚ ದಾರಿ ತಪ್ಪಿಸುವಂಥದ್ದು. ಮರಳಿ ಬರುವುದು ಸ್ತನದ ಆಕಾರವೇ ಹೊರತು ಸ್ತನವಲ್ಲ. ಅದರಲ್ಲಿ ಹಾಲಿನ ಗ್ರಂಥಿಗಳಿರುವುದಿಲ್ಲ. ಎದೆಯ ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಒಯ್ಯುತ್ತಿದ್ದ ನರಗಳು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತುಂಡಾಗಿರುವುದರಿಂದ ಆ ಭಾಗ ಬಹುಮಟ್ಟಿಗೆ ಮರಗಟ್ಟಿಯೇ ಇರುತ್ತದೆ.

ಈ ವಿದ್ಯೆಯ ಚರಿತ್ರೆಯೂ ಕಣ್ಣಿನ ಕಡೆಗೇ ವಾಲಿದೆ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿನ್ಸೆಂಜ್ ಚೆರ್ನಿ ಅವರು ರೋಗಿಯೊಬ್ಬಳ ಬೆನ್ನಿನಲ್ಲಿದ್ದ ಕೊಬ್ಬಿನ ಗಂಟನ್ನೇ ತೆಗೆದು ಅವಳ ಬರಿದಾದ ಎದೆಗೆ ತುಂಬಿದರು. 1962ರಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಸಿಲಿಕೋನ್ ತುಂಬಿದ ಚೀಲವನ್ನು, ಅಂದರೆ ಇಂಪ್ಲಾಂಟನ್ನು, ಮೊದಲ ಬಾರಿಗೆ ಅಳವಡಿಸಿದ್ದು ಕ್ಯಾನ್ಸರ್ ರೋಗಿಗಲ್ಲ, ಸ್ತನವನ್ನು ದೊಡ್ಡದಾಗಿಸುವುದಕ್ಕೆ ಎಂಬುದು ಗಮನಿಸಬೇಕಾದ ಸಂಗತಿ. 1982ರಲ್ಲಿ ಕಾರ್ಲ್ ಹಾರ್ಟ್‌ರಾಂಫ್ ಹೊಟ್ಟೆಯ ಚರ್ಮ, ಕೊಬ್ಬು ಮತ್ತು ಸ್ನಾಯುವನ್ನು ಒಟ್ಟಾಗಿ ಎದೆಗೆ ತಿರುಗಿಸುವ ಕ್ರಮವನ್ನು ಪ್ರಕಟಿಸಿದರು. ಹೀಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಜೀವಂತ ಅಂಗಾಂಶವನ್ನು ಫ್ಲ್ಯಾಪ್ ಎನ್ನುತ್ತಾರೆ. ಮುಂದೆ ಸ್ನಾಯುವನ್ನು ಹೊಟ್ಟೆಯಲ್ಲೇ ಬಿಟ್ಟು, ಕೊಬ್ಬು ಮತ್ತು ಚರ್ಮಕ್ಕೆ ರಕ್ತ ಒದಗಿಸುವ ಸಣ್ಣ ನಾಳಗಳನ್ನು ಸೂಕ್ಷ್ಮದರ್ಶಕದಡಿ ಎದೆಯ ನಾಳಗಳಿಗೆ ಹೊಲಿಯುವ ಕ್ರಮವೂ ಬಂತು.

ಸಾಗಿಸಿದ ಅಂಗಾಂಶ ತನ್ನ ಹಳೆಯ ಸ್ವಭಾವವನ್ನು ಸುಲಭವಾಗಿ ಬಿಡುವುದಿಲ್ಲ. ಹೊಟ್ಟೆಯ ಕೊಬ್ಬಿನಿಂದ ಕಟ್ಟಿದ ಸ್ತನ ಮೈ ದಪ್ಪವಾದರೆ ತಾನೂ ದಪ್ಪವಾಗುತ್ತದೆ. ಬೆನ್ನಿನ ಸ್ನಾಯುವನ್ನು ತಂದು ಕಟ್ಟಿದ್ದರೆ ಬಾಗಿಲು ತಳ್ಳುವಾಗಲೋ ಬಿಂದಿಗೆ ಎತ್ತುವಾಗಲೋ ಎದೆಯಲ್ಲಿ ಸೆಳೆದಂತಾಗುವುದುಂಟು. ಇಂಪ್ಲಾಂಟ್‌ನ ಕಥೆ ಬೇರೆ. ಅದು ಜೀವಮಾನದ ವಸ್ತುವಲ್ಲ, ಚಳಿಯಲ್ಲಿ ತಣ್ಣಗಾಗುತ್ತದೆ, ಸುತ್ತ ದೇಹವೇ ನೇಯುವ ಪೊರೆ ಕೆಲವರಲ್ಲಿ ಬಿಗಿದು ಗಡುಸಾಗುತ್ತದೆ. ರೇಡಿಯೇಷನ್ ಪಡೆದವರಲ್ಲಿ ಈ ತೊಂದರೆ ಹೆಚ್ಚು.

ನೋವಿಗೆ ಬಿಸಿನೀರಿನ ಚೀಲವಿಟ್ಟುಕೊಳ್ಳುವುದು ಮನೆಮನೆಯ ರೂಢಿ. ಆದರೆ ಮರಗಟ್ಟಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ, ಹೊಸ ಜಾಗದಲ್ಲಿ ರಕ್ತಸಂಚಾರವು ಬಿಸಿಯನ್ನು ಬೇಗ ಹರಡಲಾರದು. ಬೊಬ್ಬೆ ಎದ್ದದ್ದು ಕನ್ನಡಿಯಲ್ಲಿ ಕಂಡಾಗಲೇ ಗೊತ್ತಾಗುತ್ತದೆ. ಇಂಥ ಸುಟ್ಟಗಾಯಗಳು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಉಡುಪಿನಲ್ಲೂ ತೊಡಕುಂಟು. ಸೀರೆಯ ಸೆರಗು ಎದೆಯ ವ್ಯತ್ಯಾಸವನ್ನು ಮುಚ್ಚೀತು, ರವಿಕೆ ಮುಚ್ಚದು: ದರ್ಜಿಗೆ ಎರಡು ಬದಿಗೂ ಬೇರೆ ಬೇರೆ ಅಳತೆ ಕೊಡಬೇಕಾಗುತ್ತದೆ, ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದದ್ದರಿಂದ ಕೈ ಬಾತಿದ್ದರೆ ಆ ಬದಿಯ ತೋಳನ್ನೂ ಸಡಿಲವಾಗಿ ಹೊಲಿಸಬೇಕಾಗುತ್ತದೆ.

ಆಕಾರವೇ ಬೇಡವೆಂದವರೂ ಉಂಟು. 1978ರಲ್ಲಿ ಒಂದು ಸ್ತನ ಕಳೆದುಕೊಂಡ ಅಮೆರಿಕದ ಕವಯಿತ್ರಿ ಆಡ್ರೆ ಲಾರ್ಡ್ ಅವರು ಕೃತಕ ಸ್ತನ ಧರಿಸದೆ ವೈದ್ಯರಲ್ಲಿಗೆ ಹೋದಾಗ, ಅದರಿಂದ ಅಲ್ಲಿನವರ ಉತ್ಸಾಹ ಕುಗ್ಗುತ್ತದೆಂದು ದಾದಿ ಆಕ್ಷೇಪಿಸಿದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದ ಇಸ್ರೇಲಿನ ಸೇನಾನಿ ಮೋಶೆ ದಯಾನ್ ಅವರಿಗೆ ಗಾಜಿನ ಕಣ್ಣು ಹಾಕಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲವಲ್ಲ ಎಂಬ ಲಾರ್ಡ್ ಅವರ ವಾದ 1980ರ ‘ದಿ ಕ್ಯಾನ್ಸರ್ ಜರ್ನಲ್ಸ್’ ಕೃತಿಯಲ್ಲಿದೆ. ಅದಕ್ಕೆ ಸರಿಯಾದ ಉತ್ತರ ಇನ್ನೂ ಬಂದಂತಿಲ್ಲ.

ಫ್ಲ್ಯಾಪ್‌ನ ನರವನ್ನು ಪಕ್ಕೆಲುಬಿನ ನಡುವಿನ ನರಕ್ಕೆ ಹೊಲಿದು ಸ್ಪರ್ಶವನ್ನು ಮರಳಿಸುವ ಪ್ರಯತ್ನಗಳು ಈಚೆಗೆ ಹೆಚ್ಚುತ್ತಿವೆ. ತುಂಡಾದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಆದ್ದರಿಂದ ಮರಳುವಷ್ಟು ಮರಳುವುದಕ್ಕೂ ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಸ್ನಾನದ ನೀರಿನ ಬಿಸಿಯನ್ನು ಇನ್ನೊಂದು ಬದಿಯ ಕೈ ಅದ್ದಿಯೇ ನೋಡಬೇಕು.