ರೆಟ್ರೋ ಪಾರ್ಟಿ ಮಾಡ್ತೀರಾ? ಮೊದಲು ಇಸವಿ ಯಾವುದು ಹೇಳಿ

ರೆಟ್ರೋ ಪಾರ್ಟಿ ಅಂದರೆ ಈಗ ಒಂದು ಸಿದ್ಧ ಪಟ್ಟಿಯೇ ಇದೆ. ಬೆಲ್ ಬಾಟಂ, ಪೋಲ್ಕಾ ಡಾಟ್ ಸೀರೆ, ಗೋಡೆಗೆ ನಾಲ್ಕು ಗ್ರಾಮಫೋನ್ ತಟ್ಟೆ, ಸ್ಪೀಕರಿನಲ್ಲಿ ರಾಜನ್-ನಾಗೇಂದ್ರ. ಊಟದ ಮಾತು ಬಂದಾಗ ಮಾತ್ರ ಕೇಟರಿಂಗ್‌ನವರ ಮಾಮೂಲಿ ಮೆನು: ಗೋಬಿ ಮಂಚೂರಿ, ಪನೀರ್ ಟಿಕ್ಕಾ, ಪೆಪ್ಸಿ. ಬಟ್ಟೆ ಎಪ್ಪತ್ತರ ದಶಕದ್ದು, ತಟ್ಟೆ ನಿನ್ನೆ ಮೊನ್ನೆಯದು. ಮಂಚೂರಿಯನ್ನು ಅನ್ನೋದೇ 1975ರ ಸುಮಾರಿಗೆ ಮುಂಬೈನ ಕ್ಲಬ್ಬೊಂದರಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ ಹುಟ್ಟಿದ್ದು ಅಂತಾರೆ. ಅದೂ ಕೋಳಿಯಲ್ಲಿ, ಹೂಕೋಸಿನಲ್ಲಲ್ಲ.

‘ಹಳೇ ಕಾಲ’ ಅಂತ ಒಂದು ಕಾಲ ಇಲ್ಲ. 1965ರಲ್ಲಿ ಪ್ರಧಾನಿ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ದೇಶವನ್ನೇ ಕೇಳಿಕೊಂಡಿದ್ದರು. ಅಮೆರಿಕದ ಪಿಎಲ್-480 ಗೋಧಿ ಹಡಗಿನಿಂದ ಇಳಿದರೆ ಒಲೆ ಉರಿಯೋ ಕಾಲ ಅದು. ಆ ವರ್ಷದ ಥೀಮ್ ಇಟ್ಟು ಬಫೆ ಹಾಕಿದರೆ ತಮಾಷೆಯಾಗುತ್ತೆ. ಹಾಗಾಗಿ ಮೆನು ಬರೆಯೋ ಮುಂಚೆ ಒಂದೇ ಒಂದು ಇಸವಿ ಆರಿಸಿ. ಆಮೇಲೆ ಎರಡು ಪ್ರಶ್ನೆ ಕೇಳಿ: ಆಗ ಏನು ಸಿಗ್ತಿತ್ತು, ಯಾರಿಗೆ ಸಿಗ್ತಿತ್ತು? ಎರಡನೆಯದನ್ನು ಬಿಟ್ಟರೆ ನಿಮ್ಮ ಪಾರ್ಟಿ ಯಾರದೋ ಒಂದು ಕೇರಿಯ ನೆನಪನ್ನು ಇಡೀ ಊರಿನ ಇತಿಹಾಸ ಅಂತ ಬಡಿಸುತ್ತೆ.

ನನ್ನ ಶಿಫಾರಸು 1977. ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಮುಗೀತು, ದೆಹಲಿಯಲ್ಲಿ ಸರ್ಕಾರ ಬದಲಾಯ್ತು. (ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಆ ವರ್ಷ ಇಲ್ಲಿ ಯಾರು ಯಾಕೆ ಪಾರ್ಟಿ ಮಾಡಿರಬಹುದು ಅನ್ನೋದು ನಿಮ್ಮ ಗೆಳೆಯರ ಜಗಳಕ್ಕೆ ಬಿಟ್ಟಿದ್ದು.) ಆ ವರ್ಷದ ತಿಂಡಿ-ಪಾನೀಯದ ಪ್ರತಿಯೊಂದು ಸಾಮಾನಿಗೂ ಒಂದು ರಾಜಕೀಯದ ಕಥೆ ಅಂಟಿಕೊಂಡಿದೆ.

ಬಾಟಲಿಯಿಂದ ಶುರು ಮಾಡೋಣ

1973ರ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆರಾ, ವಿದೇಶಿ ಕಂಪನಿಗಳು ಇಲ್ಲಿನ ಪಾಲನ್ನು ಶೇ. 40ಕ್ಕೆ ಇಳಿಸಬೇಕು ಅಂದಿತ್ತು. ಜನತಾ ಸರ್ಕಾರ ಬಂದ ಮೇಲೆ ಕೈಗಾರಿಕಾ ಸಚಿವರಾದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಜೈಲಿನಿಂದಲೇ ಚುನಾವಣೆ ಗೆದ್ದು ಬಂದವರು. ಪಾಲೂ ಇಳಿಸಿ, ಫಾರ್ಮುಲಾನೂ ಕೊಡಿ ಎಂಬ ಪಟ್ಟಿಗೆ ಕೋಕಾ-ಕೋಲಾ ಒಪ್ಪದೆ ದೇಶ ಬಿಟ್ಟು ಹೋಯಿತು. ಆ ಜಾಗಕ್ಕೆ ಸರ್ಕಾರವೇ ಒಂದು ಕೋಲಾ ತಂದಿತು: ‘ಡಬಲ್ ಸೆವೆನ್’. ಅದರ ಪಾಕ ಸಿದ್ಧವಾಗಿದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ, ತಯಾರಿಸಿದ್ದು ಸರ್ಕಾರಿ ಬ್ರೆಡ್ ಕಂಪನಿ ಮಾಡರ್ನ್. ಸರ್ಕಾರ ಉರುಳಿದ ಮೇಲೆ ಅದೂ ಉಳಿಯಲಿಲ್ಲ.

ಡಬಲ್ ಸೆವೆನ್ ಈಗ ಸಿಗಲ್ಲ. ಅದೇ ವರ್ಷ ಹುಟ್ಟಿದ ಥಮ್ಸ್ ಅಪ್ ಸಿಗುತ್ತೆ, ಆದರೆ 1993ರಲ್ಲಿ ವಾಪಸ್ ಬಂದ ಕೋಕಾ-ಕೋಲಾ ಅದನ್ನು ಕೊಂಡುಬಿಟ್ಟಿತು. ಆಗಿನ ಕ್ಯಾಂಪಾ ಕೂಡ ಮತ್ತೆ ಬಂದಿದೆ, ಮಾಲೀಕರು ರಿಲಯನ್ಸ್. ಯಾವ ಮುಚ್ಚಳ ತೆಗೆದರೂ ಇಷ್ಟೇ ಗುಳ್ಳೆ. ನನ್ನ ಮಟ್ಟಿಗೆ ಗೋಲಿ ಸೋಡಾ ಎರಡು ಕ್ರೇಟ್ ತಂದು, ನಿಂಬೆ ಶರಬತ್ತು ಮತ್ತು ಮಸಾಲೆ ಮಜ್ಜಿಗೆ ಮನೆಯಲ್ಲೇ ಮಾಡೋದು ಜಾಣತನ. ಅಗ್ಗ, ಮತ್ತು 1977ರಲ್ಲಿ ಬಹುಪಾಲು ಜನ ಕೋಲಾಗಿಂತ ಹೆಚ್ಚು ಕುಡಿದಿದ್ದು ಇವನ್ನೇ.

ಲೆಕ್ಕ ಹೀಗೆ: ಮೂವತ್ತು ಜನ, ಮೂರು ಗಂಟೆ. ಮೊದಲ ಗಂಟೆ ತಲಾ ಎರಡು ಲೋಟ, ಆಮೇಲೆ ಗಂಟೆಗೊಂದು. 120 ಲೋಟ, 200 ಎಂಎಲ್‌ನಂತೆ 24 ಲೀಟರ್. ಇದರಲ್ಲಿ ಮೂರನೇ ಒಂದು ಭಾಗ ಬರೀ ನೀರಿರಲಿ. ಬೇಸಿಗೆಯಾದರೆ ತಲಾ ಅರ್ಧ ಕೆಜಿ ಐಸ್.

ಮದ್ಯ ಇಡೋದಾದರೆ ರಮ್ ಸಾಕು. ಆಗಿನ ಪ್ರಧಾನಿ ಮೊರಾರ್ಜಿ ದೇಸಾಯಿ ಪಾನನಿಷೇಧದ ಕಟ್ಟಾಳು ಅನ್ನೋದನ್ನ ಬಾರ್ ಟೇಬಲ್ಲಿನ ಮೇಲೆ ಬರೆದು ಹಾಕಿ. ಕುಡಿಯದವರಿಗೆ ಮೂಲೆಯಲ್ಲಿ ಒಂದು ಜಗ್ ನೀರಿಟ್ಟು ಕೈ ತೊಳೆದುಕೊಳ್ಳಬೇಡಿ, ಅಷ್ಟೆ.

ಕಾಫಿ ಬಿಡೋ ಹಾಗಿಲ್ಲ. ಬೆಂಗಳೂರಿನ ಇಂಡಿಯಾ ಕಾಫಿ ಹೌಸನ್ನು 1957ರಿಂದ ನಡೆಸಿದ್ದು ಕೆಲಸಗಾರರ ಸಹಕಾರ ಸಂಘ; ಕಾಫಿ ಬೋರ್ಡು ಹೋಟೆಲು ಮುಚ್ಚಹೊರಟಾಗ ಸರ್ವರ್‌ಗಳೇ ಮಾಲೀಕರಾದ ಕಥೆ ಅದು. 1975ರಲ್ಲಿ ಬ್ರೆಜಿಲ್‌ನ ತೋಟಗಳನ್ನು ಹಿಮ ಸುಟ್ಟಿದ್ದರಿಂದ 1977ರಲ್ಲಿ ಜಗತ್ತಿನ ಕಾಫಿ ಬೆಲೆ ಮುಗಿಲಿಗೇರಿತ್ತು. ಚಿಕೋರಿ ಬೆರೆಸಿದ ಪುಡಿ ತಂದರೆ ನಾಚಿಕೆ ಬೇಡ, ಅದೇ ಕಾಲಕ್ಕೆ ಸರಿ. ಸಣ್ಣ ಲೋಟದಲ್ಲಿ ಮೂವತ್ತು ಜನಕ್ಕೆ 400 ಗ್ರಾಂ ಪುಡಿ, ಮೂರೂವರೆ ಲೀಟರ್ ಹಾಲು. ಡಿಕಾಕ್ಷನ್ ಮಧ್ಯಾಹ್ನವೇ ಇಳಿಸಿಡಿ.

ತಟ್ಟೆಯಲ್ಲಿ ಏನು

ಎಂಟಿಆರ್ ದೋಸೆ ಅಂತ ಶುರು ಮಾಡೋರಿಗೆ ಒಂದು ಮಾತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ತೀರಾ ಕಡಿಮೆ ಬೆಲೆ ಕಟ್ಟಿದಾಗ ನಷ್ಟ ತಾಳಲಾರದೆ ಎಂಟಿಆರ್ ಹೋಟೆಲು ಮುಚ್ಚಿತು, ತಿಂಡಿ ಮಿಕ್ಸ್ ಮಾರಲು ಇಳಿಯಿತು. ಇವತ್ತು ನಿಮ್ಮ ಹಾಸ್ಟೆಲ್ ಕಪಾಟಿನಲ್ಲಿರೋ ಆ ಪೊಟ್ಟಣ ತುರ್ತು ಪರಿಸ್ಥಿತಿಯ ಕೂಸು. ಹಾಗಾಗಿ ರವೆ ಇಡ್ಲಿಯನ್ನು ಮಿಕ್ಸ್‌ನಲ್ಲೇ ಮಾಡಿದರೂ ಅದು ಸೋಮಾರಿತನ ಅಲ್ಲ, ಐತಿಹಾಸಿಕ ನಿಖರತೆ! ಕೈಯಾರೆ ಮಾಡೋದಾದರೆ ತಲಾ ಎರಡರಂತೆ 60 ಇಡ್ಲಿಗೆ ಒಂದೂಕಾಲು ಕೆಜಿ ರವೆ ಬೇಕು.

ಜೊತೆಗೆ ತರಕಾರಿ ಸ್ಯಾಂಡ್‌ವಿಚ್. ಬ್ರೆಡ್ಡು ಮಾಡರ್ನ್‌ದೇ ಆದರೆ ಚೆಂದ. ಅದೇ ಡಬಲ್ ಸೆವೆನ್ ಮಾಡಿದ ಕಂಪನಿ, 2000ದಲ್ಲಿ ಹಿಂದುಸ್ತಾನ್ ಲಿವರ್‌ಗೆ ಮಾರಾಟವಾಗಿ ಬಂಡವಾಳ ಹಿಂತೆಗೆತದ ದೊಡ್ಡ ಸರಣಿಗೆ ನಾಂದಿ ಹಾಡಿದ್ದು. ಸಿಹಿಗೆ ಗಡ್‌ಬಡ್, ಅದನ್ನು ಹೆಸರುವಾಸಿ ಮಾಡಿದ ಮಂಗಳೂರಿನ ಐಡಿಯಲ್ ಐಸ್‌ಕ್ರೀಂ ಶುರುವಾಗಿದ್ದು 1975ರಲ್ಲಿ. ಉಡುಪಿಯವರು ಅದು ನಮ್ಮದು ಅಂತಾರೆ, ಆ ಜಗಳದಲ್ಲಿ ನಾನಿಲ್ಲ.

ಇನ್ನು ಎರಡನೇ ಪ್ರಶ್ನೆ. ಮೇಲಿನ ಪಟ್ಟಿ ಪೂರ್ತಿ ಪೇಟೆಯದು, ಅದರಲ್ಲೂ ಹೋಟೆಲಿನೊಳಗೆ ಯಾರೂ ತಡೆಯದೆ ಕೂರಲು ಆಗುತ್ತಿದ್ದವರದು. ಹೋಟೆಲು ಎಲ್ಲರಿಗೂ ತೆರೆದಿರಬೇಕು ಅಂತ ಸಂವಿಧಾನದ 15(2)ನೇ ವಿಧಿ ಹೆಸರೆತ್ತಿ ಹೇಳಿದೆ. ಅಸ್ಪೃಶ್ಯತೆ ವಿರುದ್ಧದ 1955ರ ಕಾಯ್ದೆ ಇನ್ನಷ್ಟು ಬಿಗಿಯಾಗಿ ‘ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ’ ಎಂದಾಗಿದ್ದು 1976ರಲ್ಲಿ. ಹಾಗಿದ್ದೂ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇತ್ತು. ‘ವಿಂಟೇಜ್ ಟೀ ಅಂಗಡಿ’ ಅಂತ ಸೆಟ್ ಹಾಕೋರು, ‘ಅಗ್ರಹಾರದ ಊಟ’ ಅಂತ ಥೀಮ್ ಇಡೋರು ಆ ಲೋಟವನ್ನೂ ನೆನೆಯಲಿ.

ದೇವನೂರ ಮಹಾದೇವರ ‘ಒಡಲಾಳ’ ಸುಮಾರು ಆ ಕಾಲದ್ದೇ. ಅದರಲ್ಲಿ ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ಕದ್ದು ತಂದ ಒಂದು ಮೂಟೆ ಕಡಲೆಕಾಯಿಯನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಕನ್ನಡ ಸಾಹಿತ್ಯದಲ್ಲಿ ಅದಕ್ಕಿಂತ ದೊಡ್ಡ ಪಾರ್ಟಿ ನಾನು ಓದಿಲ್ಲ. ನಿಮ್ಮ ಮೇಜಿನ ನಡುಮಧ್ಯ ಬೇಯಿಸಿದ ಕಡಲೆಕಾಯಿ ಇರಲಿ, ಸಿಪ್ಪೆ ಸಮೇತ ತಲಾ 100 ಗ್ರಾಂ ಅಂದರೆ ಮೂರು ಕೆಜಿ. ಪುಟ್ಟ ರಾಗಿ ಮುದ್ದೆ, ಬಸ್ಸಾರು, ಮಿಲಿಟರಿ ಹೋಟೆಲ್ ಶೈಲಿಯ ಮಟನ್ ಸಾರು ಕೂಡ ಅದೇ ಮೇಜಿನ ಮೇಲೆ ಬರಲಿ, ಬೇರೆ ಕೋಣೆಯಲ್ಲಿ ಬೇಡ. ಸೌಟು ಬೇರೆ ಬೇರೆ ಇಟ್ಟರೆ ಸಸ್ಯಾಹಾರಿಗಳಿಗೆ ಸಾಕು.

ಹಳೆಯದರಲ್ಲಿ ಬಿಡಬೇಕಾದ್ದು

ಆಗಿನ ಡಾಲ್ಡಾ ರುಚಿ ಬೇಕು ಅಂತ ವನಸ್ಪತಿ ಹುಡುಕಬೇಡಿ. ಅದರ ತುಂಬ ಟ್ರಾನ್ಸ್ ಫ್ಯಾಟ್ ಇರುತ್ತಿತ್ತು; 2022ರಿಂದ ಕಾನೂನೇ ಅದನ್ನು ಶೇ. 2ಕ್ಕೆ ಮಿತಿಗೊಳಿಸಿದೆ. ಕಡಲೆಕಾಯಿಯನ್ನು ಪೇಪರ್ ಪೊಟ್ಟಣದಲ್ಲಿ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತೆ, ಆದರೆ ಅಚ್ಚಿನ ಮಸಿ ಬಿಸಿ ತಿಂಡಿಗೆ ಹತ್ತುತ್ತೆ. ಮುತ್ತುಗದೆಲೆ ದೊನ್ನೆ ತನ್ನಿ. ಅಜ್ಜಿ ಮನೆಯ ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹೋಗಿದ್ದರೆ ಮಜ್ಜಿಗೆ, ನಿಂಬೆ, ಹುಣಸೆ ಯಾವುದನ್ನೂ ಅದಕ್ಕೆ ಹಾಕಬೇಡಿ. ಹುಳಿ ಲೋಹವನ್ನು ಕರಗಿಸುತ್ತೆ, ಹತ್ತಾರು ಜನ ವಾಂತಿ ಮಾಡ್ಕೊಂಡು ಮನೆಗೆ ಹೋಗ್ತಾರೆ. ಅಂಥ ಪಾತ್ರೆಯಲ್ಲಿ ಹೂವಿಡಿ. ಸ್ಯಾಂಡ್‌ವಿಚ್, ಮಟನ್ ಸಾರು ಹೊರಗಿಟ್ಟು ಎರಡು ಗಂಟೆ ದಾಟಿಸಬೇಡಿ. ಸಾರನ್ನು ಸಣ್ಣ ಉರಿಯ ಮೇಲೆ ಬಿಸಿಯಾಗೇ ಇಡಿ.

ಕೊನೇದು, ಆ ಕಾಲದ ಅಡುಗೆಮನೆ. ಗ್ಯಾಸ್ ಅಪರೂಪ, ಸೀಮೆಎಣ್ಣೆ ಸ್ಟೌವಿಗೆ ಪಂಪ್ ಹೊಡೀಬೇಕು, ಚಟ್ನಿಗೆ ಒರಳು ತಿರುವಬೇಕು. ಇದನ್ನೆಲ್ಲ ಮಾಡಿದವರು ಮನೆಯ ಹೆಂಗಸರು, ಪಾರ್ಟಿಯ ಫೋಟೋದಲ್ಲಿ ಇಲ್ಲದವರು. ನಿಮ್ಮಲ್ಲಿ ಮಿಕ್ಸಿ ಇದೆ, ಹುಡುಗರೂ ಇದ್ದಾರೆ. ತೆಂಗಿನಕಾಯಿ ತುರಿಯೋದು, ಮುದ್ದೆ ತೊಳಸೋದು, ಕೊನೆಗೆ ಅರವತ್ತು ಲೋಟ ತೊಳೆಯೋದು ಯಾರ ಸರದಿ ಅನ್ನೋದನ್ನು ಆಹ್ವಾನದ ಮೆಸೇಜಿನಲ್ಲೇ, ಡ್ರೆಸ್ ಕೋಡ್‌ನ ಕೆಳಗೆ, ಹೆಸರು ಸಮೇತ ಹಾಕಿಬಿಡಿ.